ಲೇಖನದೊಳಗೆ ತಿರುಗುವ ವೀರಗಲ್ಲು

ಶಾಸನದ ಲೇಖನಕ್ಕೆ ಮಸುಕಾದ ಒಂದು ಫೋಟೊ ಹಾಕಿಬಿಡುತ್ತೇವೆ. ಅಕ್ಷರ ಪಕಾರವೋ ವಕಾರವೋ ಎಂದು ಓದುಗ ಹೇಗೆ ನೋಡಬೇಕು? ಕಾಸರಗೋಡಿನ ಕಾಲೇಜು ಗ್ರಂಥಾಲಯಗಳು ಆನ್‌ಲೈನ್ ಸಂಶೋಧನಾ ಪತ್ರಿಕೆ ತರುವುದಾದರೆ ಕಲ್ಲಿನ ತ್ರೀಡಿ ಮಾದರಿಯನ್ನೇ ಲೇಖನದೊಳಗೆ ಇಡಬಹುದು. ದುಬಾರಿ ಸ್ಕ್ಯಾನರ್ ಬೇಡ, ಸುತ್ತಲಿಂದ ತೆಗೆದ ಫೋಟೊಗಳನ್ನು ಸಾಫ್ಟ್‌ವೇರ್‌ನಲ್ಲಿ ಜೋಡಿಸಿದರೆ ಮಾದರಿ ಸಿಗುತ್ತದೆ.

ಮೊದಲು ವಸ್ತು ಆರಿಸಿ. ಓಲೆಗರಿಗೆ ಒಳ್ಳೆಯ ಸ್ಕ್ಯಾನ್ ಸಾಕು. ವೀರಗಲ್ಲು, ಶಾಸನ, ಮುರಕಲ್ಲಿನ ಗೋಡೆ ಚೆನ್ನಾಗಿ ಬರುತ್ತವೆ. ಯಕ್ಷಗಾನದ ಕಿರೀಟ ಕಷ್ಟ, ಹೊಳಪು ಇದ್ದಲ್ಲಿ ಸಾಫ್ಟ್‌ವೇರ್ ತಬ್ಬಿಬ್ಬಾಗುತ್ತದೆ. ದೇವಸ್ಥಾನದ ಕಲ್ಲಾದರೆ ಮೊಕ್ತೇಸರರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಬೇಕಲ ಕೋಟೆಯಂಥ ಸಂರಕ್ಷಿತ ಜಾಗಕ್ಕೆ ಪುರಾತತ್ವ ಇಲಾಖೆಯ ಅನುಮತಿ ಕೇಳಿ.

ಫೋಟೊ ತೆಗೆಯುವುದೇ ದೊಡ್ಡ ಕೆಲಸ. ಬಿಸಿಲಿದ್ದರೆ ನೆರಳು ಮಾದರಿಗೆ ಅಂಟಿಕೊಳ್ಳುತ್ತದೆ, ಹಾಗಾಗಿ ಮೋಡದ ದಿನ ಒಳ್ಳೆಯದು. ನಮ್ಮಲ್ಲಿ ಮೋಡಕ್ಕೇನು ಬರ, ಅಲ್ವಾ? ಆದರೆ ಒದ್ದೆ ಕಲ್ಲು ಹೊಳೆಯುತ್ತದೆ, ಮಳೆ ಬಿಟ್ಟು ಕಲ್ಲು ಒಣಗುವ ತನಕ ಕಾಯಿರಿ. ಸುತ್ತಲೂ ನಡೆಯುತ್ತಾ, ಮೂರು ಎತ್ತರಗಳಿಂದ ತೆಗೆಯಿರಿ. ಪ್ರತಿ ಫೋಟೊದಲ್ಲೂ ಹಿಂದಿನದರ ಶೇ 70ರಷ್ಟು ಭಾಗ ಮತ್ತೆ ಕಾಣಬೇಕು. ಫ್ಲ್ಯಾಶ್ ಬೇಡ, ಜೂಮ್ ಬದಲಿಸಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಡಿ, ಇಲ್ಲದಿದ್ದರೆ ಕಲ್ಲಿನ ಗಾತ್ರವೇ ತಿಳಿಯದು. ಅಕ್ಷರ ಕಾಣಲಿ ಎಂದು ಸುಣ್ಣ, ಸೀಮೆಸುಣ್ಣ ಬಳಿಯುವ ಹಳೇ ಚಾಳಿ ದಯವಿಟ್ಟು ಬಿಡಿ. ಕಂಪ್ಯೂಟರ್‌ನಲ್ಲಿ ಮಾದರಿಯ ಬಣ್ಣ ತೆಗೆದು ಪಕ್ಕದಿಂದ ಬೆಳಕು ಬಿಟ್ಟರೆ ಸವೆದ ಗೆರೆಯೂ ಎದ್ದು ಕಾಣುತ್ತದೆ.

ಫೋಟೊಗಳನ್ನು ಜೋಡಿಸಲು ಮೆಶ್‌ರೂಮ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು. ಬಂದ ಮಾದರಿ ಭಾರೀ ಗಾತ್ರದ್ದು. ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರ್‌ನಲ್ಲಿ, ಮಾದರಿಯ ಮೇಲ್ಮೈ ರೂಪಿಸುವ ತ್ರಿಕೋನಗಳನ್ನು ಕಡಿಮೆ ಮಾಡಿ, ಜಿಎಲ್‌ಬಿ ಫೈಲ್ ಆಗಿ ಉಳಿಸಿ. ಇದು ತ್ರೀಡಿ ಮಾದರಿಗಳಿಗೆಂದೇ ಇರುವ ಜಿಎಲ್‌ಟಿಎಫ್ ಎಂಬ ಬಗೆಯ ಫೈಲ್, 2022ರಲ್ಲಿ ಅಂತರರಾಷ್ಟ್ರೀಯ (ಐಎಸ್‌ಒ) ಮಾನದಂಡವಾದದ್ದು. 10 ಎಂಬಿ ದಾಟದಿದ್ದರೆ ಮೊಬೈಲ್‌ನಲ್ಲೂ ಬೇಗ ತೆರೆದುಕೊಳ್ಳುತ್ತದೆ.

ಪತ್ರಿಕೆ ನಡೆಸಲು ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಲೇಖನದ ಪಿಡಿಎಫ್ ಜೊತೆಗೆ ಎಚ್‌ಟಿಎಂಎಲ್ (ವೆಬ್‌ಪುಟ) ಪ್ರತಿಯನ್ನೂ ಹಾಕಿ. ಅದರಲ್ಲಿ ತ್ರೀಡಿ ಮಾದರಿ ತೋರಿಸುವ ಗೂಗಲ್‌ನ ಮಾಡೆಲ್ ವ್ಯೂವರ್ ಟ್ಯಾಗ್ ಸೇರಿಸಿ, ಜಿಎಲ್‌ಬಿ ಫೈಲ್‌ನ ವಿಳಾಸ ಕೊಡಿ. ಮಾದರಿ ಇಳಿಯುವ ತನಕ ತೋರಿಸಲು ಒಂದು ಚಿತ್ರ ಇರಲಿ. ಕಣ್ಣು ಕಾಣದ ಓದುಗರಿಗಾಗಿ ಕಲ್ಲಿನ ವಿವರಣೆ ಬರೆಯಿರಿ, ಕನ್ನಡದಲ್ಲೂ ಮಲಯಾಳದಲ್ಲೂ.

ಇಷ್ಟಕ್ಕೇ ನಿಲ್ಲಿಸಿದರೆ ಅದು ಬರೀ ಆಟಿಕೆ. ಲೇಖಕರು 'ಮೂರನೇ ಸಾಲಿನ ಎರಡನೇ ಅಕ್ಷರ' ಎಂದರೆ ಮಾದರಿಯಲ್ಲಿ ಅಲ್ಲೇ ಗುರುತಿನ ಚುಕ್ಕಿ ಇರಬೇಕು. ಪಠ್ಯದ ಕೊಂಡಿ ಒತ್ತಿದರೆ ಆ ಅಕ್ಷರವೇ ಎದುರು ಬರಬೇಕು. ಆಗ ಓದುಗ ಲೇಖಕರ ಮಾತನ್ನು ಒಪ್ಪಬಹುದು, ಜಗಳವನ್ನೂ ಆಡಬಹುದು.

ಮೂಲ ಫೋಟೊಗಳನ್ನು ಅಳಿಸಬೇಡಿ. ಮಾದರಿ, ಒಪ್ಪಿಗೆ ಪತ್ರ, ಟಿಪ್ಪಣಿಗಳ ಜೊತೆ ಗ್ರಂಥಾಲಯದಲ್ಲೇ ಇಡಿ. ಒಪ್ಪಿಗೆ ಇದ್ದರೆ ಫೋಟೊ, ಮಾದರಿಗಳ ಒಂದು ಪ್ರತಿಯನ್ನು ಜೆನೊಡೊ ಎಂಬ ಆನ್‌ಲೈನ್ ಸಂಶೋಧನಾ ಭಂಡಾರಕ್ಕೆ ಏರಿಸಿ. ಅಲ್ಲಿ ಒಂದು ದಾಖಲೆಗೆ 50 ಜಿಬಿ ತನಕ ಉಚಿತ, ಉಲ್ಲೇಖಿಸಲು ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆಯೂ ಸಿಗುತ್ತದೆ.