ಒಂದೇ ಹಕ್ಕಿ, ಚೆಕ್‌ರೋಲಿನಲ್ಲಿ ಎರಡು ಹೆಸರು

ಮೂಡಿಗೆರೆ ಸೀಮೆಯ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಚೆಕ್‌ರೋಲ್ ಎಂಬ ಪುಸ್ತಕದಲ್ಲಿ ಆಳುಗಳ ಹಾಜರಿ, ಜೊತೆಗೆ ಗೊಬ್ಬರದ ದಾಸ್ತಾನು, ಕೊಯ್ಲಿನ ತೂಕ ಬರೆದಿಡುವುದು ನನ್ನ ಕೆಲಸ. ಸಾಹುಕಾರರು ಹಳೆಯ ಬಂಗಲೆಯನ್ನು ಹೋಂಸ್ಟೇ ಮಾಡಿದ ಮೇಲೆ ಹಕ್ಕಿಗಳ ಲೆಕ್ಕವೂ ನನ್ನ ತಲೆಗೇ ಬಂತು.

“ರೈಟರೇ, ಹಾಲುವಾಣದ ಹೂವಿಗೆ ಬರುತ್ತವಲ್ಲ, ಆ ಹಮ್ಮಿಂಗ್‌ಬರ್ಡ್‌ಗಳದ್ದು ಒಂದು ಬೋರ್ಡ್ ಬರೆಸಿ. ವೈಜ್ಞಾನಿಕ ಹೆಸರೂ ಇರಲಿ” ಎಂದರು.

ಹೆಸರು ಹುಡುಕಲು ಹೊರಟಾಗಲೇ ಗೊತ್ತಾದದ್ದು, ನಮ್ಮ ತೋಟದಲ್ಲಿ ಹಮ್ಮಿಂಗ್‌ಬರ್ಡ್ ಇಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ ಎಂದು. ಸುಮಾರು 360 ಪ್ರಭೇದಗಳಿರುವ ಆ ಕುಟುಂಬ ಇಂದು ಉತ್ತರ ಮತ್ತು ದಕ್ಷಿಣ ಅಮೆರಿಕಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ನಮ್ಮದು ಸೂರಕ್ಕಿ. ಸಾಹುಕಾರರಿಗೆ ಹೇಳಿದರೆ ಒಪ್ಪಲಿಲ್ಲ. “ಕೊಕ್ಕು ಉದ್ದ, ಮೈ ಮಿರಮಿರ ಮಿನುಗುತ್ತದೆ, ಕುಡಿಯುವುದು ಹೂವಿನ ಮಕರಂದ. ಇನ್ನೇನು ಬೇಕು?” ಎಂದು ನನಗೇ ಪಾಟೀಸವಾಲು ಹಾಕಿದರು. ಅವರನ್ನು ನಗುವಂತಿಲ್ಲ. ಹಕ್ಕಿಗಳಿಗೆ ಎರಡು ಪದದ ಹೆಸರು ಕೊಡುವ ಪದ್ಧತಿ ತಂದ ಲಿನೇಯಸ್ ಕೂಡ ಸೂರಕ್ಕಿಯನ್ನು 1766ರಲ್ಲಿ, ಮರದ ಕಾಂಡ ಹತ್ತಿ ಹುಳು ಹೆಕ್ಕುವ ಹಕ್ಕಿಗಳ ಸರ್ಥಿಯಾ ಕುಲಕ್ಕೆ ಸೇರಿಸಿದ್ದ.

ಸೂರಕ್ಕಿ ಸೇರುವುದು ಗುಬ್ಬಿ, ಕಾಗೆಗಳಿರುವ ಗಣಕ್ಕೆ. ಹಮ್ಮಿಂಗ್‌ಬರ್ಡ್‌ನ ಹತ್ತಿರದ ನೆಂಟರು ಸ್ವಿಫ್ಟ್‌ಗಳು, ಅಂದರೆ ಹಳೆಯ ಕಟ್ಟಡಗಳ ಮೂಲೆಯಲ್ಲಿ ಗೂಡು ಅಂಟಿಸಿ ದಿನವಿಡೀ ಆಕಾಶದಲ್ಲೇ ಸುತ್ತುವ ಬಾನಾಡಿಗಳು. ಅವುಗಳ ಗಣದ ಹೆಸರು ಅಪೋಡಿಫಾರ್ಮಿಸ್. ಅಪೋಡ್ ಎಂದರೆ ಗ್ರೀಕಿನಲ್ಲಿ ಕಾಲಿಲ್ಲದ್ದು. ಕಾಲು ಇದೆ, ಆದರೆ ಪುಟ್ಟದು, ನಡೆಯಲು ಬಾರದು. ಸೂರಕ್ಕಿಯೋ ಹೂವಿನ ಪಕ್ಕದ ಕಡ್ಡಿ ಹಿಡಿದು ಕುಳಿತೇ ಹೆಚ್ಚಾಗಿ ಕುಡಿಯುತ್ತದೆ. ಗಾಳಿಯಲ್ಲಿ ನಿಂತು ಕುಡಿಯುವುದು ಕ್ಷಣಮಾತ್ರ. ಇದನ್ನು ಹಾಲುವಾಣದ ಕೆಳಗೆ ನಿಂತು ಸಾಹುಕಾರರಿಗೆ ತೋರಿಸಿದ ಮೇಲೆ “ಸರಿ, ಸೂರಕ್ಕಿ ಅಂತಲೇ ಬರೆಸಿ” ಎಂದರು, ಸ್ವಲ್ಪ ಬೇಸರದಿಂದಲೇ.

ನಿಜವಾದ ಪೇಚಾಟ ಶುರುವಾದದ್ದು ಅಲ್ಲಿಂದ. ಬಂಗಲೆಯಲ್ಲಿ ದೊಡ್ಡ ಸಾಹುಕಾರರ ಕಾಲದ ಹಕ್ಕಿ ಪುಸ್ತಕವೊಂದಿತ್ತು, ನನ್ನ ಮೊಬೈಲಿನಲ್ಲಿ ಒಂದು ಆ್ಯಪ್. ಬೆಳಿಗ್ಗೆ ನೋಡಿದ್ದನ್ನು ಕೆಲವು ದಿನ ಪುಸ್ತಕ ನೋಡಿ ಬರೆದೆ, ಕೆಲವು ದಿನ ಆ್ಯಪ್ ನೋಡಿ. ತಿಂಗಳ ಕೊನೆಗೆ ಕೂಡಿದರೆ ಏಳು ಸೂರಕ್ಕಿ! ನೆಕ್ಟರೀನಿಯಾ ಮಿನಿಮಾ ಒಂದು, ಲೆಪ್ಟೊಕೋಮಾ ಮಿನಿಮಾ ಇನ್ನೊಂದು. ನೆಕ್ಟರೀನಿಯಾ ಏಷಿಯಾಟಿಕಾ, ಮತ್ತೆ ಸಿನ್ನಿರಿಸ್ ಏಷಿಯಾಟಿಕಸ್. ಚೆಕ್‌ರೋಲಿನಲ್ಲಿ ಒಬ್ಬನೇ ಆಳಿಗೆ ಮನೆಯ ಹೆಸರು, ಆಧಾರ್ ಹೆಸರು ಎರಡನ್ನೂ ಬರೆದು ಎರಡು ಹಾಜರಿ ಕೊಟ್ಟು ಒಮ್ಮೆ ಬೈಸಿಕೊಂಡಿದ್ದೆ. ಈ ವಾಸನೆ ನನಗೆ ಪರಿಚಿತ.

ಹಳೆಯ ಪುಸ್ತಕಗಳು ನಮ್ಮ ಸೂರಕ್ಕಿಗಳನ್ನೆಲ್ಲ ನೆಕ್ಟರೀನಿಯಾ ಎಂಬ ಒಂದೇ ಕುಲದಲ್ಲಿ ಇಡುತ್ತಿದ್ದವು. ಆಮೇಲೆ ಅದನ್ನು ಒಡೆದು ಪಾಲು ಮಾಡಿದರು. ಹೆಸರಿನ ಮೊದಲ ಪದವೇ ಕುಲ; ಅದು ಬದಲಾದರೂ ಎರಡನೆಯ ಪದ ಹಕ್ಕಿಯ ಜೊತೆಗೇ ಹೋಗುತ್ತದೆ; ಹೊಸ ಕುಲದ ಲಿಂಗಕ್ಕೆ ತಕ್ಕಂತೆ ಬಾಲ ಮಾತ್ರ ಬದಲಾಗಬಹುದು. ಏಷಿಯಾಟಿಕಾ ಏಷಿಯಾಟಿಕಸ್ ಆದದ್ದು ಹಾಗೆ. ನಾವು ದೊಡ್ಡವಳು, ದೊಡ್ಡವನು ಎನ್ನುವುದಿಲ್ಲವೇ, ಅಷ್ಟೇ. ಎರಡನೆಯ ಪದ ಹಿಡಿದು ಪಟ್ಟಿಯನ್ನು ಮತ್ತೆ ಜೋಡಿಸಿದೆ. ಏಳು ಹೋಗಿ ನಾಲ್ಕು ಉಳಿದವು: ಮಿನಿಮಾ, ಝೈಲೋನಿಕಾ, ಏಷಿಯಾಟಿಕಸ್, ಲೋಟೇನಿಯಸ್.

ಬೋರ್ಡಿಗೆ ಆರಿಸಿದ್ದು ಮಿನಿಮಾವನ್ನು. ಅದು ಪಶ್ಚಿಮ ಘಟ್ಟದ್ದೇ ಹಕ್ಕಿ, ಬೇರೆಲ್ಲೂ ಇಲ್ಲ. ಉದ್ದ ಎಂಟು ಸೆಂಟಿಮೀಟರ್ ಇದ್ದರೆ ಹೆಚ್ಚು. ಗಂಡಿನ ಬೆನ್ನು ಕಡುಗೆಂಪು, ಎದೆಗೆ ಅಗಲವಾದ ಕೆಂಪು ಪಟ್ಟಿ. ಹೆಣ್ಣನ್ನು ಝೈಲೋನಿಕಾದ ಹೆಣ್ಣೆಂದು ಎರಡು ವಾರ ತಪ್ಪು ಬರೆದಿದ್ದೆ. ಬಾಲದ ಬುಡದ ಕೆಂಪನ್ನು ನೋಡಿದ ಮೇಲೆ ತಿದ್ದಿದೆ.

ಪೂರ್ತಿ ಹೆಸರಿನ ಕೊನೆಗೆ ಕಂಸದೊಳಗೆ ಸೈಕ್ಸ್, 1832 ಎಂದಿತ್ತು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಸೈಕ್ಸ್, ಮುಂಬಯಿ ಸರ್ಕಾರಕ್ಕೆ ಅಂಕಿಅಂಶ ಬರೆದುಕೊಡುತ್ತಿದ್ದವನು. ನಮ್ಮ ಕಸುಬಿನವನೇ ಎಂದು ಸಂತೋಷವಾಯಿತು. ಕಂಸ ಅಲಂಕಾರಕ್ಕಲ್ಲ. ಮೊದಲು ಹೆಸರಿಟ್ಟವನು ಇವನೇ, ಆದರೆ ಇವನು ಇಟ್ಟ ಕುಲ ಬೇರೆ ಎಂದು ಅದರ ಅರ್ಥ. ಸೈಕ್ಸ್ ಬರೆದದ್ದು ಸಿನ್ನಿರಿಸ್ ಮಿನಿಮಾ. ಪಹಣಿಯಲ್ಲಿ ಖಾತೆ ಬದಲಾದರೂ ಮೂಲ ಮಂಜೂರಿದಾರನ ಹೆಸರು ಕಡತದಲ್ಲಿ ಉಳಿದಂತೆ.

ಹಮ್ಮಿಂಗ್‌ಬರ್ಡ್‌ಗಳಲ್ಲೂ ಇದೇ ವ್ಯಾಜ್ಯ. ಅವುಗಳಲ್ಲಿ ಅತಿ ದೊಡ್ಡದಾದ ಪಟಗೋನಾ ಗಿಗಾಸ್ ಒಂದಲ್ಲ, ಎರಡು ಪ್ರಭೇದ ಎಂದು 2024ರಲ್ಲಿ ಸಂಶೋಧಕರು ತೋರಿಸಿ, ಎರಡನೆಯದಕ್ಕೆ ಚಾಸ್ಕಿ ಎಂಬ ಹೊಸ ಹೆಸರು ಸೂಚಿಸಿದರು. ಪಕ್ಷಿತಜ್ಞ ಬೂಕಾರ್ 1893ರಲ್ಲೇ ಪೆರುವಿಯಾನಾ ಎಂದು ಹೆಸರಿಟ್ಟಿದ್ದಾನಲ್ಲ ಎಂದು ತಕರಾರು ಎದ್ದಿತು. ಮೊದಲು ಇಟ್ಟ ಹೆಸರಿಗೇ ಹಕ್ಕು ಎಂಬುದು ಅಲ್ಲಿನ ಕಾಯಿದೆ.

ಬೋರ್ಡ್ ಬರೆಯುವವನಿಗೆ ಲೆಪ್ಟೊಕೋಮಾದ ಮೊದಲಕ್ಷರ ದೊಡ್ಡದು, ಮಿನಿಮಾದ್ದು ಚಿಕ್ಕದು, ಎರಡೂ ಓರೆ ಅಕ್ಷರ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. “ಓರೆಯಾದರೆ ಸಾಹುಕಾರರು ನನ್ನನ್ನು ಬೈಯುವುದಿಲ್ಲವೇ ರೈಟರೇ?” ಎಂದು ಅನುಮಾನಿಸಿದರೂ ಬರೆದ. ಕಂಸ ಮಾತ್ರ ಚೆನ್ನಾಗಿ ಕಾಣುವುದಿಲ್ಲವೆಂದು ಬಿಟ್ಟಿದ್ದ. ಗೋಣಿಚೀಲಗಳಿಗೆ ಗುರುತು ಹಾಕುವ ಬಣ್ಣ ತಂದು ಆ ಎರಡು ಗೆರೆಗಳನ್ನು ನಾನೇ ಎಳೆದೆ. ಎಡಗಡೆಯದು ಕೊಂಚ ದಪ್ಪವಾಗಿದೆ.