ಸೆಲ್ಫ್ ಸ್ಟೋರೇಜ್ ಗೋಡೌನ್ ನಡೆಸೋರಿಗೆ: ರಟ್ಟು, ಥರ್ಮಾಕೋಲು, ಬಿಟ್ಟುಹೋದ ಸೋಫಾ ಇವನ್ನೆಲ್ಲ ಏನ್ ಮಾಡೋದು

ಮನೆ ಸಾಮಾನು ಇಡೋಕೂ ಬಾಡಿಗೆ ಕೊಡ್ತಾರಾ ಅಂತ ಊರಲ್ಲಿ ನಮ್ಮತ್ತೆ ಇವತ್ತಿಗೂ ಕೇಳ್ತಾರೆ. ಬೆಂಗಳೂರಲ್ಲಿ ಕೊಡ್ತಾರೆ, ಒಂದು ವರ್ಷ ಪ್ರಾಜೆಕ್ಟ್ ಅಂತ ಹೊರದೇಶಕ್ಕೆ ಹೋಗೋರು, ಫ್ಲಾಟ್ ಕೀ ಸಿಗೋ ತನಕ ಕಾಯೋರು, ಆನ್‌ಲೈನಲ್ಲಿ ಸೀರೆ ಮಾರೋ ಅಕ್ಕಂದಿರು, ಎಲ್ಲಾ ಬರ್ತಾರೆ. ಈ ಬಿಸಿನೆಸ್ ನೋಡೋಕೆ ಬಲು ಕ್ಲೀನು, ಹೊಗೆ ಇಲ್ಲ, ಗಲೀಜು ನೀರಿಲ್ಲ, ಹಂಗಾಗಿ ಮೊದಲೆರಡು ವರ್ಷ ಕಸದ ಬಗ್ಗೆ ನಾನೂ ತಲೆ ಕೆಡಿಸ್ಕೊಂಡಿರ್ಲಿಲ್ಲ. ಆದ್ರೆ ತಿಂಗಳ ಕೊನೇ ಭಾನುವಾರ ಸಾಯಂಕಾಲ ನಮ್ಮ ಗೇಟ್ ಹತ್ರ ಬಂದು ನೋಡ್ಬೇಕು, ಮೂರು ಮನೆ ಶಿಫ್ಟಿಂಗ್ ಆದ್ರೆ ಸಾಕು, ರಟ್ಟಿನ ಗುಡ್ಡೆ ಆಳೆತ್ತರ.

ಇದೊಂದು ಅರ್ಥ ಆಗೋಕೆ ನಂಗೆ ಟೈಮ್ ಹಿಡೀತು: ನಮ್ಮಲ್ಲಿ ಕಸ ದಿನಾ ಹುಟ್ಟಲ್ಲ, ಸಾಮಾನು ಇಳಿಸೋ ದಿನ ಹುಟ್ಟುತ್ತೆ, ಎತ್ತೋ ದಿನ ಹುಟ್ಟುತ್ತೆ, ಅಷ್ಟೇ. ಹಂಗಾಗಿ ಕಾರಿಡಾರ್ ಮೂಲೆಮೂಲೆಗೆ ಹಸಿರು ನೀಲಿ ಡಬ್ಬ ಇಟ್ಟು ಬೋರ್ಡ್ ಬರೆಸಿದ್ರೆ ಫೋಟೋ ಚೆನ್ನಾಗ್ ಬರುತ್ತೆ ಬಿಟ್ರೆ ಏನೂ ಆಗಲ್ಲ, ಲಾರಿ ನಿಲ್ಲೋ ಜಾಗದಲ್ಲೇ ಹಿಡೀಬೇಕು. ಮೊದ್ಲು ಒಂದು ತಿಂಗಳು ಹುಕ್ ತಕ್ಕಡಿಯಲ್ಲಿ ತೂಕ ಹಾಕಿ ನೋಟ್‌ಬುಕ್ಕಲ್ಲಿ ಬರೀರಿ, ರಟ್ಟು ಎಷ್ಟು, ಪ್ಲಾಸ್ಟಿಕ್ ಎಷ್ಟು, ಬಿಟ್ಟುಹೋದ ಸಾಮಾನು ಎಷ್ಟು ಅಂತ. ನಮ್ಮಲ್ಲಿ ತೂಕದಲ್ಲಿ ರಟ್ಟು ಫಸ್ಟು, ತಲೆನೋವಲ್ಲಿ ಬಿಟ್ಟುಹೋದ ಸಾಮಾನು ಫಸ್ಟು.

ರಟ್ಟಿನ ಡಬ್ಬ ಗುಜರಿಗೆ ಹಾಕೋದು ಕೊನೇ ದಾರಿ, ಯಾಕಂದ್ರೆ ಇವತ್ತು ಒಬ್ರು ಖಾಲಿ ಮಾಡಿದ ಡಬ್ಬ ನಾಳೆ ಇನ್ನೊಬ್ರಿಗೆ ಬೇಕೇ ಬೇಕು, ಅವ್ರು ಹೊಸದು ಕೊಳ್ಳೋಕೆ ಹೋಗ್ತಾರೆ, ನಾವು ಇದನ್ನ ಕೆಜಿ ಲೆಕ್ಕದಲ್ಲಿ ಮಾರ್ತೀವಿ, ಹುಚ್ಚಲ್ವಾ? ಗೇಟಿಂದ ಒಳಗೆ ಬಂದ ತಕ್ಷಣ ಕಾಣೋ ಹಂಗೆ ಒಂದು ರ‍್ಯಾಕ್ ಮಾಡಿ. ಟೇಪ್‌ನ ಬ್ಲೇಡಲ್ಲಿ ಕುಯ್ಯಬೇಕು, ಕೈಯಲ್ಲಿ ಕಿತ್ರೆ ಮುಚ್ಚಳದ ಮೇಲ್ಪದರ ಕಿತ್ಕೊಂಡು ಬರುತ್ತೆ, ಆಮೇಲೆ ಅದು ಭಾರ ತಡೆಯಲ್ಲ. ಅಂಚು ನೋಡಿ, ಒಳಗೆ ಅಲೆ ಒಂದು ಸಾಲಿದ್ರೆ 3 ಪ್ಲೈ, ಎರಡು ಸಾಲಿದ್ರೆ 5 ಪ್ಲೈ. ಬಟ್ಟೆ, ದಿಂಬು, ಮಕ್ಕಳ ಆಟದ ಸಾಮಾನಿಗೆ 3 ಪ್ಲೈ ಸಾಕು, ಪುಸ್ತಕ ಪಾತ್ರೆಗೆ 5 ಪ್ಲೈನೇ ಕೊಡಿ, ಅದರಲ್ಲೂ ಪುಸ್ತಕಕ್ಕೆ ದೊಡ್ಡ ಡಬ್ಬ ಕೊಡ್ಬೇಡಿ, ಎತ್ತೋ ಹುಡುಗ್ರು ಸೊಂಟ ಹಿಡ್ಕೊಂಡು ನಮ್ಮನ್ನ ಬೈತಾರೆ. ಮಡಿಸಿ ಜೋಡಿಸೋವಾಗ ನೆಲದ ಮೇಲೆ ಸೀದಾ ಇಡ್ಬಾರ್ದು, ಮರದ ಪ್ಯಾಲೆಟ್ ಮೇಲೆ, ಗೋಡೆಯಿಂದ ಒಂದು ಗೇಣು ದೂರ, ಇಲ್ದಿದ್ರೆ ತೇವ ಏರುತ್ತೆ, ಗೆದ್ದಲು ಹತ್ತುತ್ತೆ. ಒಂದು ಮಳೆಗಾಲ ಶೀಟ್ ಸೋರಿ ನಮ್ಮ ರ‍್ಯಾಕ್ ಪೂರ್ತಿ ನೆಂದುಹೋಗಿತ್ತು, ನೆಂದ ರಟ್ಟು ಒಣಗಿಸಿ ಮತ್ತೆ ಕೊಟ್ಟೆ, ಬೂಷ್ಟು ಪಕ್ಕದ ಯೂನಿಟ್‌ನ (ಒಬ್ಬೊಬ್ರಿಗೆ ಬಾಡಿಗೆಗೆ ಕೊಡೋ ಕೋಣೆ) ಸೋಫಾಗೂ ಹತ್ತಿ ಉಗಿಸ್ಕೊಂಡೆ. ನೆಂದಿದ್ದು, ಎಣ್ಣೆ ಜಿಡ್ಡಿಂದು, ದಿನಸಿ ಅಂಗಡಿಯಿಂದ ತಂದಿದ್ದು ಈ ಮೂರನ್ನ ರ‍್ಯಾಕ್‌ಗೆ ಸೇರಿಸ್ಲೇಬೇಡಿ, ದಿನಸಿ ಡಬ್ಬದ ಸಂದಿಯಲ್ಲಿ ಜಿರಳೆ ಮೊಟ್ಟೆ ಇರುತ್ತೆ.

ಬಬಲ್ ರ‍್ಯಾಪು ಗುಳ್ಳೆ ಒಡೀದೇ ಇದ್ರೆ ಸುತ್ತಿ ಅದೇ ರ‍್ಯಾಕಲ್ಲಿ ಇಡಿ. ಸಾಮಾನಿಗೆ ಬಿಗಿಯಾಗಿ ಸುತ್ತೋ ತೆಳು ಪ್ಲಾಸ್ಟಿಕ್ಕು, ಅದೇ ಸ್ಟ್ರೆಚ್ ಫಿಲ್ಮ್, ಎರಡನೇ ಸಲಕ್ಕೆ ಬರಲ್ಲ, ಆದ್ರೆ ಟೇಪು ಸ್ಟಿಕ್ಕರ್ ತೆಗೆದು ಧೂಳಿಲ್ದಂಗೆ ಗೋಣಿಚೀಲಕ್ಕೆ ತುರುಕಿದ್ರೆ ವಾರ್ಡಿನ ಒಣಕಸ ಸಂಗ್ರಹಣಾ ಕೇಂದ್ರದಲ್ಲಿ ತಗೋತಾರೆ. ಇಂಥ ಕೇಂದ್ರಗಳಲ್ಲಿ ಎಷ್ಟೋ ಕಡೆ ಕಸ ಆಯೋರೇ ನಡೆಸೋದು, ಹಸಿರು ದಳ ಸಂಸ್ಥೆ ಅವರ ಜೊತೆ ಬಹಳ ವರ್ಷದಿಂದ ಕೆಲಸ ಮಾಡ್ತಿದೆ, ಒಂದ್ಸಲ ಹೋಗಿ ಮಾತಾಡ್ಸಿ, ಯಾವುದಕ್ಕೆ ಬೆಲೆ ಇದೆ ಯಾವುದಕ್ಕಿಲ್ಲ ಅಂತ ಅವರಷ್ಟು ಯಾರಿಗೂ ಗೊತ್ತಿಲ್ಲ. ಥರ್ಮಾಕೋಲು ಮಾತ್ರ ಯಾರಿಗೂ ಬೇಡ, ಜಾಗ ಜಾಸ್ತಿ ತೂಕ ಇಲ್ಲ, ಆಟೋ ಬಾಡಿಗೆನೂ ಹುಟ್ಟಲ್ಲ. ಅದನ್ನ ಪುಡಿ ಮಾಡ್ಬೇಡಿ, ಸುಡೋದಂತೂ ಬೇಡ್ವೇ ಬೇಡ, ಟಿವಿ ಫ್ರಿಜ್ ಮೂಲೆಗೆ ಕೊಡೋ ತುಂಡುಗಳನ್ನ ಹಂಗೇ ಇಟ್ಟು ಮುಂದಿನವ್ರಿಗೆ ಕೊಡಿ. ಹೊಸ ಕಸ್ಟಮರ್ ಫೋನ್ ಮಾಡ್ದಾಗ್ಲೇ ಹೇಳಿ, ಸ್ಟೀಲ್ ಪಾತ್ರೆಗೆ ಬಬಲ್ ರ‍್ಯಾಪ್ ಯಾಕೆ ಸಾರ್, ನಿಮ್ಮನೆ ಹಳೇ ಬೆಡ್‌ಶೀಟು ಸೀರೆ ಇದ್ಯಲ್ಲ ಅಂತ. ನಮ್ಮಮ್ಮ ಪಿಂಗಾಣಿ ತಟ್ಟೆನೂ ಹಳೇ ಪಂಚೆಯಲ್ಲೇ ಸುತ್ತಿ ನಾಲ್ಕು ಮನೆ ಬದಲಾಯ್ಸಿದ್ರು, ಒಂದೂ ಒಡೀಲಿಲ್ಲ.

ಈಗ ಬಿಟ್ಟುಹೋದ ಸಾಮಾನು. ಕಸ್ಟಮರ್ ಖಾಲಿ ಮಾಡೋವಾಗ ಇದೊಂದ್ ಇಲ್ಲೇ ಇರ್ಲಿ ಬಿಡಿ ಅಂತಾರೆ, ದಾನ ಮಾಡ್ದಂಗೆ ಮುಖ ಮಾಡ್ಕೊಂಡು, ಅದು ಮುರಿದ ಸೋಫಾ ಆಗಿರುತ್ತೆ. ಇದಕ್ಕೆ ಔಷಧಿ ಅಗ್ರಿಮೆಂಟಲ್ಲೇ ಇರ್ಬೇಕು: ಯೂನಿಟ್ ಗುಡಿಸಿ ಖಾಲಿ ಮಾಡಿದ್ರೆ ಮಾತ್ರ ಡೆಪಾಸಿಟ್ ಪೂರ್ತಿ ವಾಪಸ್, ಬಿಟ್ಟುಹೋದ್ರೆ ವಿಲೇವಾರಿ ಖರ್ಚು ಅದರಲ್ಲೇ ಕಟ್. ಸಹಿ ಮಾಡಿಸೋವಾಗ ಬಾಯಲ್ಲೂ ಓದಿ ಹೇಳಿ. ಆಮೇಲೂ ಬಿಟ್ಟೋದ್ರೆ, ಉಡೋ ಹಂಗಿರೋ ಬಟ್ಟೆ ಗೂಂಜ್‌ನಂಥ ಸಂಸ್ಥೆಗೆ, ಒಗೆದಿರ್ಬೇಕು, ಹರಿದ ಒಳಉಡುಪು ಕೊಟ್ಟು ಪುಣ್ಯ ಕಟ್ಕೊಳೋಕೆ ಹೋಗ್ಬೇಡಿ. ಹತ್ತಿ ಹಾಸಿಗೆ ಆದ್ರೆ ಹಿಂಜಿ ಹೊಸದು ಮಾಡೋರು ತಗೋತಾರೆ, ಫೋಮ್ ಹಾಸಿಗೆ ಯಾರೂ ಮುಟ್ಟಲ್ಲ, ಅದಕ್ಕೆ ಅದನ್ನ ಇಳಿಸೋ ದಿನಾನೇ ಲಿಸ್ಟಲ್ಲಿ ಬೇರೆ ಬರ್ಕೊಳ್ಳಿ. ಯುಪಿಎಸ್ ಬ್ಯಾಟರಿ ಒಳಗೆ ಸೀಸ ಆಸಿಡ್ ಎರಡೂ ಇರುತ್ತೆ, ಬ್ಯಾಟರಿ ಅಂಗಡಿಗೇ ಎಕ್ಸ್‌ಚೇಂಜ್‌ಗೆ ಕೊಡಿ. ಹಳೇ ಟ್ಯೂಬ್‌ಲೈಟಲ್ಲಿ ಪಾದರಸ ಇದೆ, ಒಡೀದಂಗೆ ಡಬ್ಬದಲ್ಲಿ ಎತ್ತಿಡಿ. ಕಂಪ್ಯೂಟರ್ ಟಿವಿ ವೈರು ಇವನ್ನ ಬೀದಿ ಗುಜರಿಗೆ ಹಾಕಿದ್ರೆ ತಾಮ್ರಕ್ಕೋಸ್ಕರ ವೈರ್ ಸುಡ್ತಾರೆ, ಆ ಹೊಗೆ ಕುಡಿಯೋರು ಅಲ್ಲೇ ಪಕ್ಕದ ಮಕ್ಕಳು. ಇ-ತ್ಯಾಜ್ಯದ ಹೊಸ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ನೋಂದಣಿ ಇರೋ ರಿಸೈಕ್ಲರ್‌ಗೇ ಕೊಟ್ಟು ರಸೀದಿ ಇಸ್ಕೊಳ್ಳಿ. ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಕೊಟ್ರೆ ಗಾಡಿ ಕಳಿಸೋಕೆ ಬೇಗ ಒಪ್ತಾರೆ.

ಕಟ್ಟಡದ ವಿಷಯ ಬೇಗ ಹೇಳ್ತೀನಿ. ಕಾರಿಡಾರಲ್ಲಿ ಮನುಷ್ಯರು ಓಡಾಡೋದೇ ದಿನಕ್ಕೆ ಮೂರು ಗಂಟೆ, ಲೈಟು ಹನ್ನೆರಡು ಗಂಟೆ ಉರಿಯುತ್ತೆ. ಚೋಕ್ ಸೇರಿ 45 ವ್ಯಾಟ್ ಎಳೆಯೋ ಹಳೇ ಟ್ಯೂಬು 40 ಇದ್ರೆ ದಿನಕ್ಕೆ 21.6 ಯೂನಿಟ್ ಕರೆಂಟು, ಅದೇ ಜಾಗಕ್ಕೆ 20 ವ್ಯಾಟ್ ಎಲ್ಇಡಿ ಹಾಕಿ ಜನ ಬಂದಾಗ ಮಾತ್ರ ಉರಿಯೋ ಹಂಗೆ ಮೋಷನ್ ಸೆನ್ಸರ್ ಇಟ್ರೆ ಆ ಮೂರು ಗಂಟೆಗೆ 2.4 ಯೂನಿಟ್. ಸೋಲಾರ್ ಆಮೇಲೆ ಯೋಚ್ನೆ ಮಾಡಿ, ಮೊದ್ಲು ಇದು. ಹಗಲು ಬೆಳಕಿಗೆ ಪಾಲಿಕಾರ್ಬೊನೇಟ್ ಶೀಟ್ ಹಾಕೋದಾದ್ರೆ ಕಾರಿಡಾರ್ ಮೇಲೆ ಮಾತ್ರ, ಯೂನಿಟ್ ಮೇಲೆ ಹಾಕಿದ್ರೆ ಬಿಸಿಲಿಗೆ ಸೋಫಾ ಬಣ್ಣ ಹೋಗುತ್ತೆ. ನೀರಿನ ಲೆಕ್ಕ ಇನ್ನೂ ಸುಲಭ, ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಲೀಟರ್. 10,000 ಚದರಡಿ ಶೆಡ್ ಅಂದ್ರೆ 929 ಚದರ ಮೀಟರ್, ಬೆಂಗಳೂರಿಗೆ ವರ್ಷಕ್ಕೆ 900 ಮಿಲಿಮೀಟರ್ ಅಂತ ಹಿಡಿದ್ರೂ 8 ಲಕ್ಷ ಲೀಟರ್ ದಾಟುತ್ತೆ. ಅಷ್ಟನ್ನೂ ಹಿಡಿಯೋಕಾಗಲ್ಲ, ಮೊದಲ ಮಳೆ ಬಿಟ್ಟು ಉಳಿದಿದ್ದು ಸಂಪಿಗೆ, ತುಂಬಿ ಹರಿದಿದ್ದು ಇಂಗುಗುಂಡಿಗೆ ಬಿಡಿ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಹುಳಕ್ಕೆ ಬೇವಿನ ಸೊಪ್ಪು ಒಣಗಿಸಿ ಬಟ್ಟೆ ಡಬ್ಬದಲ್ಲಿ ಹಾಕ್ಬೋದು, ಗೆದ್ದಲಿಗೆ ಅದು ಸಾಲಲ್ಲ, ಸುಳ್ಳು ಹೇಳ್ಬಾರ್ದು. ತೇವಕ್ಕೆ ಇಡೋ ಸಿಲಿಕಾ ಜೆಲ್ ಪೊಟ್ಟಣ ಬಿಸಾಕ್ಬೇಡಿ, ಬಿಸಿ ಮಾಡಿ ಒಣಗಿಸಿದ್ರೆ ಮತ್ತೆ ಕೆಲಸ ಮಾಡುತ್ತೆ.

ಇನ್ನೊಂದು, ಗುಜರಿ ದುಡ್ಡು ಯಾರಿಗೆ ಅನ್ನೋದು ಮೊದಲ ದಿನಾನೇ ತೀರ್ಮಾನ ಮಾಡಿ. ನಾನು ಶುರುವಿಗೆ ಅದನ್ನ ಆಫೀಸ್ ಲೆಕ್ಕಕ್ಕೆ ಸೇರಿಸ್ಕೊಂಡಿದ್ದೆ, ವಾಚ್‌ಮನ್ ಅಣ್ಣ ಏನೂ ಅನ್ಲಿಲ್ಲ, ಆದ್ರೆ ಎರಡೇ ವಾರಕ್ಕೆ ರಟ್ಟು ಪ್ಲಾಸ್ಟಿಕ್ ಎಲ್ಲಾ ಒಂದೇ ಗುಡ್ಡೆ. ಈಗ ರಟ್ಟು ಪ್ಲಾಸ್ಟಿಕ್ ಕಬ್ಬಿಣದ ದುಡ್ಡು ಪೂರ್ತಿ ಅವ್ರಿಗೂ ಗುಡಿಸೋ ಅಕ್ಕಂಗೂ ಅರ್ಧ ಅರ್ಧ, ಬ್ಯಾಟರಿ ಮತ್ತೆ ಇ-ತ್ಯಾಜ್ಯ ಮಾತ್ರ ಆಫೀಸಿಂದು. ಮಳೆ ಮೋಡ ಕಂಡ್ರೆ ನಾನು ಫೋನ್ ಮಾಡೋಷ್ಟ್ರಲ್ಲಿ ರಟ್ಟಿನ ಮೇಲೆ ಟಾರ್ಪಾಲು ಬಿದ್ದಿರುತ್ತೆ.