ಪ್ಲಾಸ್ಟಿಕ್ ಬಿಟ್ಟು ಕಾಗದ ಹಿಡಿದ ನಮ್ಮ ಮನೆ

2022ರ ಜುಲೈ 1ರಂದು ಪ್ಲಾಸ್ಟಿಕ್ ಲೋಟ, ಚಮಚ, ಸ್ಟ್ರಾಗಳಂತಹ ಏಕಬಳಕೆಯ ವಸ್ತುಗಳ ಮೇಲಿನ ನಿಷೇಧ ದೇಶದಾದ್ಯಂತ ಜಾರಿಗೆ ಬಂದಾಗ, ಬೆಂಗಳೂರಿನ ಬನಶಂಕರಿಯ ನಮ್ಮ ಮನೆಯಲ್ಲಿ ಅದನ್ನು ಅಗತ್ಯಕ್ಕಿಂತ ತುಸು ಹೆಚ್ಚೇ ಉತ್ಸಾಹದಿಂದ ಪಾಲಿಸಿದೆವು. ಕರ್ನಾಟಕದಲ್ಲಿ 2016ರಲ್ಲೇ ಇಂಥದೊಂದು ನಿಷೇಧ ಬಂದಿತ್ತಾದರೂ ನಮ್ಮ ಬೀದಿಯ ಅಂಗಡಿಗಳಿಗೆ ಆ ಸುದ್ದಿ ಮುಟ್ಟಿದಂತಿರಲಿಲ್ಲ. ಪೂಜೆ, ನಾಮಕರಣಗಳಿಗೆ ಕಾಗದದ ಲೋಟಗಳು ಬಂದವು. ಅಡುಗೆಮನೆಯ ಕಟ್ಟೆಯ ಮೇಲೆ ಟಿಶ್ಯೂ ಸುರುಳಿ ಬಂದು ಕೂತಿತು. ತರಕಾರಿಗೆಂದು ಬಟ್ಟೆಯ ಚೀಲಗಳನ್ನು ಕೊಂಡೆವು. ಆರು ತಿಂಗಳಾದ ಮೇಲೆ ನೋಡಿದರೆ ಒಣ ಕಸದ ಬಿಳಿ ಚೀಲ ಮೊದಲಿಗಿಂತ ಬೇಗನೆ ತುಂಬುತ್ತಿತ್ತು.

ಸಂಶಯ ಪರಿಹರಿಸಿಕೊಳ್ಳಲೆಂದು ಆ ಚೀಲವನ್ನು ನಾನೇ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಒಯ್ದೆ. ಅಲ್ಲಿ ಕಸ ವಿಂಗಡಿಸುತ್ತಿದ್ದ ಹೆಂಗಸು ಹಾಲಿನ ಕವರುಗಳನ್ನು ಒಂದು ರಾಶಿಗೆ, ರಟ್ಟನ್ನು ಇನ್ನೊಂದಕ್ಕೆ ಹಾಕಿ, ಕಾಗದದ ಲೋಟಗಳನ್ನು ಮಾತ್ರ ಪಕ್ಕಕ್ಕೆ ಎಸೆದು, "ಇದು ಯಾರಿಗೂ ಬೇಡ ಸಾರ್" ಎಂದರು. ಒಂದು ಲೋಟವನ್ನು ಹರಿದು ತೋರಿಸಿದಾಗ ಒಳಮೈಗೆ ಅಂಟಿದ್ದ ತೆಳುವಾದ ಪ್ಲಾಸ್ಟಿಕ್ ಪೊರೆ ಕೈಗೆ ಬಂತು. ಬಿಸಿ ಕಾಫಿ ಸೋರದಂತೆ ತಡೆಯುವುದು ಆ ಪೊರೆಯೇ. ಕಾಗದದ ಗಿರಣಿಗೂ ಗೊಬ್ಬರದ ಗುಂಡಿಗೂ ಬೇಡವಾಗುವುದೂ ಅದರಿಂದಲೇ. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರೆ ಮಾಡಬೇಡಿ, ಆ ಚೂರುಗಳನ್ನು ಹೆಕ್ಕುವುದಕ್ಕಾಗುವುದಿಲ್ಲ ಎಂದೂ ಅವರು ಹೇಳಿದರು. ಅಂದಿನಿಂದ ನಮ್ಮ ಮನೆಯಲ್ಲಿ ಕವರಿಗೆ ಕತ್ತರಿಯಿಂದ ಸೀಳು ಹಾಕುತ್ತೇವೆಯೇ ಹೊರತು ತುದಿಯನ್ನು ಬೇರ್ಪಡಿಸುವುದಿಲ್ಲ.

ಬಟ್ಟೆಯ ಚೀಲದ ವಿಚಾರ ಇದಕ್ಕಿಂತ ಮುಜುಗರದ್ದು. ಬ್ರಿಟನ್ನಿನ ಸರ್ಕಾರಿ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೆಳು ಪ್ಲಾಸ್ಟಿಕ್ ಚೀಲವನ್ನು ಒಮ್ಮೆ ಬಳಸಿ ಎಸೆಯುವುದಕ್ಕಿಂತ ಭೂಮಿಯ ಬಿಸಿಗೆ ಕಡಿಮೆ ಕಾರಣವಾಗಬೇಕಾದರೆ, ಕಾಗದದ ಚೀಲವನ್ನು 3 ಸಲ, ಹತ್ತಿಯ ಚೀಲವನ್ನು 131 ಸಲ ಬಳಸಬೇಕು. ಪ್ಲಾಸ್ಟಿಕ್ ಮಳೆನೀರಿನ ರಾಜಕಾಲುವೆಗೆ ಅಡ್ಡಬೀಳುವುದು, ಹಸುವಿನ ಹೊಟ್ಟೆ ಸೇರುವುದು ಈ ಲೆಕ್ಕದಲ್ಲಿಲ್ಲ. ಆದ್ದರಿಂದ ಪ್ಲಾಸ್ಟಿಕ್ಕೇ ವಾಸಿ ಎನ್ನಲು ನಾನು ಸಿದ್ಧನಿಲ್ಲ. ಆದರೂ ಮನೆಯಲ್ಲಿದ್ದ ಚೀಲಗಳನ್ನು ಎಣಿಸಿದೆ. ಮದುವೆ ಮನೆಗಳಲ್ಲಿ ತಾಂಬೂಲದ ಜೊತೆ ಕೊಟ್ಟವೂ ಸೇರಿ ಇಪ್ಪತ್ತಮೂರು! ಅವುಗಳಲ್ಲಿ ನಾಲ್ಕನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ, ಉಳಿದವನ್ನು ಹಂಚಿದೆವು. ಅಂದಿನಿಂದ ಹೊಸ ಚೀಲವನ್ನು ಕೊಂಡಿಲ್ಲ, ಕೊಟ್ಟರೂ ತೆಗೆದುಕೊಳ್ಳುವುದಿಲ್ಲ.

ಟಿಶ್ಯೂ ಸುರುಳಿಯನ್ನು ಬಿಡುವುದು ಸುಲಭವಾಯಿತು. ಅಪ್ಪನ ಹಳೆಯ ಪಂಚೆಯೊಂದನ್ನು ಗೇಣುದ್ದದ ತುಂಡುಗಳಾಗಿ ಕತ್ತರಿಸಿ ಅಂಚು ಹೊಲಿಸಿದೆವು. ಒಲೆಯ ಕಟ್ಟೆ ಒರೆಸಲು, ಕರಿದ ಹಪ್ಪಳದ ಎಣ್ಣೆ ಹೀರಲು ಬೇರೆ ಬೇರೆ ತುಂಡುಗಳಿವೆ. ಒಮ್ಮೊಮ್ಮೆ ಬಳಸುವ ಟಿಶ್ಯೂವನ್ನು ಹರಿದು ಗೊಬ್ಬರದ ಮಣ್ಣಿನ ಮಡಕೆಗೆ, ಒಣ ಎಲೆಯ ಬದಲಿಗೆ ಹಾಕುತ್ತೇನೆ. ಹಾಗೆಯೇ ಕರಗೀತೆಂದು ಒಮ್ಮೆ ಮಗುವಿನ ಒದ್ದೆ ವೈಪ್ಸ್‌ಗಳನ್ನೂ ಹಾಕಿದ್ದೆ. ನಾಲ್ಕು ತಿಂಗಳ ಬಳಿಕ ಗೊಬ್ಬರ ಜರಡಿ ಹಿಡಿದಾಗ ಅವು ಹಾಕಿದ ಹಾಗೆಯೇ, ಬಣ್ಣ ಮಾತ್ರ ಕಂದಾಗಿ, ಎದ್ದು ಬಂದವು. ಅಂಥ ಅನೇಕ ವೈಪ್ಸ್‌ಗಳಲ್ಲಿ ಪಾಲಿಯೆಸ್ಟರ್ ಎಳೆಯಿರುತ್ತದೆ ಎಂಬುದನ್ನು ನಾನು ತಿಳಿದದ್ದು ಆಮೇಲೆ.

ಸಮಾರಂಭಗಳಿಗೆ ಸ್ಟೀಲಿನ ತಟ್ಟೆ, ಲೋಟಗಳನ್ನು ಬಾಡಿಗೆಗೆ ತರತೊಡಗಿದೆವು. ಆದರೆ 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಕಾದು ಕೂರುವ ದಿನಗಳು ಬಂದಾಗ, ಎಂಬತ್ತು ಜನರ ಊಟದ ತಟ್ಟೆಗಳನ್ನು ತೊಳೆಯುವುದು ಸರಿಯೇ ಎಂಬ ಪ್ರಶ್ನೆ ನಮ್ಮ ಮನೆಯಲ್ಲೇ ಎದ್ದಿತು. ಆ ಸಲ ಬಾಳೆಎಲೆ ಹಾಕಿದೆವು, ಲೋಟಗಳನ್ನು ಮಾತ್ರ ಸ್ಟೀಲಿನಲ್ಲೇ ಇಟ್ಟೆವು. ತೊಳೆಯಲು, ಕುಡಿಯುವ ನೀರನ್ನು ಶುದ್ಧಮಾಡುವ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಮೂರು ದಿನ ಮೊದಲಿನಿಂದ ಕೂಡಿಟ್ಟಿದ್ದೆವು. ಮುತ್ತುಗದ ಎಲೆಯೂ ಆದೀತು, ಆದರೆ ಕೊಳ್ಳುವಾಗ ಮಗುಚಿ ನೋಡಬೇಕು: ಈಗ ಎಲೆಯ ಜೊತೆ ಪ್ಲಾಸ್ಟಿಕ್ ಹಾಳೆ ಸೇರಿಸಿ ಒತ್ತಿದ ತಟ್ಟೆಗಳೂ ಮಾರಾಟವಾಗುತ್ತವೆ.

ಈಗ ನಮ್ಮ ಬಿಳಿ ಚೀಲ ತುಂಬಲು ಮೂರು ವಾರ ಬೇಕು. ಡೈಪರಿನಂಥ ಕಸ ಹಾಕುವ ಕೆಂಪು ಡಬ್ಬಿ ಮಾತ್ರ ಕಡಿಮೆಯಾಗಿಲ್ಲ. ಹಾಸಿಗೆ ಹಿಡಿದಿರುವ ಅಮ್ಮನಿಗೆ ದಿನಕ್ಕೆ ಮೂರು ಡೈಪರ್ ಬೇಕಾಗುತ್ತದೆ. ಬಟ್ಟೆಯನ್ನು ಹದಿನೈದು ದಿನ ಬಳಸಿ ನೋಡಿದೆವು, ಅವರ ಬೆನ್ನಿನ ಚರ್ಮ ಕೆಂಪಾಯಿತು. ಹಳೆಯ ಪತ್ರಿಕೆಯಲ್ಲಿ ಸುತ್ತಿ, ಪೌರಕಾರ್ಮಿಕರಿಗೆ ತಿಳಿಯುವಂತೆ ಮೇಲೆ ಕೆಂಪು ಶಾಯಿಯ ಗುರುತು ಹಾಕಿ ಬೆಳಗ್ಗೆ ಗಾಡಿಗೆ ಕೊಡುತ್ತೇನೆ. ಆ ಡಬ್ಬಿಯ ಲೆಕ್ಕವನ್ನು ನಾನು ಬರೆದಿಡುವುದಿಲ್ಲ.